ಸರಿಮಾಡಿ ಕೆಡಿಸಿದ ರೇಡಿಯೊ

ಸೋಲ್ಡರಿಂಗ್ ಐರನ್ ಹಿಡಿದ ಗಂಡ ದಿನವಿಡೀ ಮನೆಯಲ್ಲೇ ಕೂತರೆ ಏನೇನು ಆಗಬಾರದೋ ಅದೆಲ್ಲ ಆಗುತ್ತದೆ. ಕೊರೊನಾ ಬಂದು ಆಫೀಸು ಮುಚ್ಚಿದ ಮೇಲೆ ಡಚ್ಚರ ನಾಡಿನ ಬೆಸ್ಟ್ ಎಂಬ ಊರಿನ ನಮ್ಮ ಮನೆಯಲ್ಲಿ ಊಟದ ಟೇಬಲ್ ತುಂಬ ವೈರು, ರೆಸಿಸ್ಟರು, ಸರ್ಕ್ಯೂಟ್ ಬೋರ್ಡು. ತಟ್ಟೆಗೆ ಜಾಗವಿಲ್ಲ. "ಏನರ ಬಿಚ್ಚ್ರಿ, ಅಪ್ಪನ ರೇಡಿಯೊ ಒಂದ್ ಮುಟ್ಟಬ್ಯಾಡ್ರಿ" ಎಂದು ಕೈಮುಗಿದು ಹೇಳಿದ್ದೆ. ಧಾರವಾಡದಿಂದ ಹೊರಡುವಾಗ ಅಪ್ಪ ನನ್ನ ಬ್ಯಾಗಿಗೆ ತುರುಕಿದ್ದ ಹಳೇ ಟ್ರಾನ್ಸಿಸ್ಟರ್ ಅದು.

ಮುಟ್ಟದ ಗಂಟೆ

ಇವರು ಮೊದಲು ಮಾಡಿದ್ದು ಮುಟ್ಟದೆ ಬಾರಿಸುವ ಕಾಲಿಂಗ್ ಬೆಲ್. ಬಾಗಿಲ ಪಕ್ಕದ ಕಿಟಕಿಗೆ ಕೂರಿಸಿದ ಸೆನ್ಸರ್ ಹತ್ತಿರ ಕೈ ತಂದರೆ ಸಾಕು, ಗಂಟೆ. ಎದುರುಮನೆ ಬೆಕ್ಕಿಗೆ ಇದು ಬಲು ಇಷ್ಟವಾಯಿತು. ಕಿಟಕಿ ಕಟ್ಟೆ ಹತ್ತಿ ಮೈ ತಿಕ್ಕಿದಾಗಲೆಲ್ಲ ನಾನು ಮಾಸ್ಕ್ ಹಾಕಿಕೊಂಡು ಬಾಗಿಲು ತೆಗೆಯುತ್ತಿದ್ದೆ. ಪಾರ್ಸೆಲ್ ತರುವವನು ಮಾತ್ರ ನಿಯಮ ಪಾಲಿಸುವ ಮನುಷ್ಯ. ಒಂದೂವರೆ ಮೀಟರ್ ದೂರದಲ್ಲೇ ಡಬ್ಬಿ ಇಟ್ಟು ಹೋದ, ಗಂಟೆ ಬಾರಿಸಲೇ ಇಲ್ಲ. ಇವರು ಕಾದು ಕಾದು ತರಿಸಿದ ಬಿಡಿಭಾಗಗಳೆಲ್ಲ ಮಳೆಯಲ್ಲಿ ನೆಂದವು. ಕೂಡಲೇ ಇವರ ಕಣ್ಣು ರೇಡಿಯೊ ಮೇಲೆ ಬಿತ್ತು. ನಾನದನ್ನು ಅಕ್ಕಿ ಡಬ್ಬಿಯ ಹಿಂದೆ ಅಡಗಿಸಿದೆ. ಬೆಕ್ಕು ಮತ್ತೆ ಗಂಟೆ ಬಾರಿಸಿತು.

ಆಯುಧಕ್ಕೆ ರಜೆ

ಇಲ್ಲಿನ ಚಳಿಗೆ ದೋಸೆ ಹಿಟ್ಟು ಉಬ್ಬುವುದಿಲ್ಲ. ಅದಕ್ಕೆಂದು ಬಲ್ಬು, ಥರ್ಮೋಸ್ಟಾಟ್ ಜೋಡಿಸಿ ಬಿಸಿ ಪೆಟ್ಟಿಗೆ ಮಾಡಿಕೊಟ್ಟರು. ಹಿಟ್ಟು ಚೆನ್ನಾಗಿ ಉಬ್ಬಿತು, ಇವರೂ ಉಬ್ಬಿದರು. ಆಯುಧಪೂಜೆ ಬಂತು. ನಾನು ಮಿಕ್ಸರು, ಸೈಕಲ್ಲುಗಳ ಜೊತೆ ಆ ಪೆಟ್ಟಿಗೆಯ ಸರ್ಕ್ಯೂಟ್ ಬೋರ್ಡಿಗೂ ಹಸಿ ಗಂಧ, ಕುಂಕುಮ ಧಾರಾಳವಾಗಿ ಹಚ್ಚಿದೆ. ಇವರು ಪ್ಲಗ್ ಹಾಕಿದ್ದೇ ತಡ, ಫಟ್! ಮನೆಯ ಕರೆಂಟೇ ಹೋಯಿತು. ಇವರ ಆಫೀಸ್ ಮೀಟಿಂಗ್ ಮಾತಿನ ಮಧ್ಯದಲ್ಲೇ ಕಡಿಯಿತು.

"ಏನ್ ಮಾಡಿದಿ ಮಾರಾಯ್ತಿ!"

"ಪೂಜಿ ದಿನ ಆಯುಧ ಕೆಲಸ ಮಾಡಬಾರದು, ಅಷ್ಟೂ ಗೊತ್ತಿಲ್ಲೇನ್ರೀ?"

ಅಪ್ಪನ ಏಟು

ಮರುವರ್ಷ ಎರಡನೇ ಅಲೆಯಲ್ಲಿ ಅಪ್ಪ ಹೋದರು. ವಿಮಾನವಿರಲಿಲ್ಲ. ಕೊನೆಯ ಮುಖವನ್ನು ಫೋನಿನಲ್ಲೇ ನೋಡಿದೆ. ಆ ಸಂಕಟ ಇವತ್ತಿಗೂ ಹೋಗಿಲ್ಲ.

ಉಳಿದದ್ದು ರೇಡಿಯೊ. ಅದಕ್ಕೊಂದು ಚಾಳಿ: ನೆತ್ತಿಗೆ ಒಂದೇಟು ಬೀಳದೆ ಬಾಯಿ ಬಿಡುತ್ತಿರಲಿಲ್ಲ. ಅಪ್ಪ ದಿನಾ ಬೆಳಿಗ್ಗೆ "ಏಳಪಾ" ಎಂದು ಬಡಿಯುತ್ತಿದ್ದರು. ಇಲ್ಲಿ ನಾನೂ ಹಾಗೇ ಬಡಿಯುತ್ತಿದ್ದೆ. ಅದು ಡಚ್ಚಿನಲ್ಲಿ ಮಳೆಯ ಸುದ್ದಿ ಹೇಳುತ್ತಿತ್ತು. ಅರ್ಧ ತಿಳಿಯದಿದ್ದರೂ ಅಪ್ಪ ಪಕ್ಕದಲ್ಲೇ ಇದ್ದ ಹಾಗೆ ಅನ್ನಿಸುತ್ತಿತ್ತು.

ನನ್ನ ಹುಟ್ಟುಹಬ್ಬಕ್ಕೆ ಇವರು ಅದೇ ರೇಡಿಯೊ ಮುಂದಿಟ್ಟು ಬೀಗಿದರು. "ಒಳಗ ಒಂದ್ ಬೆಸುಗೆ ಬಿಟ್ಟಿತ್ತು, ಹಚ್ಚೇನಿ. ಇನ್ನ ಬಡಿಯೂದ ಬ್ಯಾಡ, ಸ್ವಿಚ್ ಒತ್ತಿದ್ರ ಸಾಕು."

ಒತ್ತಿದೆ. ಹಾಡಿತು. ನನಗೆ ಅಳು ತಡೆಯಲಾಗಲಿಲ್ಲ.

"ಯಾಕ? ಸರಿ ಆತಲ್ಲ?"

"ಸರಿ ಆತಂತನ ಅಳಾಕತ್ತೇನಿ. ಅಪ್ಪ ಬಡಿದಂಗ ಬಡಿಯೂದೊಂದ ಉಳಿದಿತ್ತು ನನಗ."

ಪಾಪ, ಇವರ ಮುಖ ಸಣ್ಣದಾಯಿತು. ಭಾನುವಾರವೆಲ್ಲ ಕೂತು ಆ ಬೆಸುಗೆ ಕೀಳುವುದು, ಸಡಿಲ ಹಚ್ಚುವುದು, ಬಡಿದು ನೋಡುವುದು. ಇಷ್ಟು ದೊಡ್ಡ ಎಂಜಿನಿಯರಿಗೆ ಹಳೇ ಚಾಳಿಯನ್ನು ಮರಳಿ ತರಲಾಗಲಿಲ್ಲ. ಈಗ ಸ್ವಿಚ್ ಒತ್ತಿದರೆ ರೇಡಿಯೊ ತಾನಾಗಿ ಮಾತಾಡುತ್ತದೆ, ನೆತ್ತಿಗೆ ಬಡಿದರೆ ಬಾಯಿ ಮುಚ್ಚುತ್ತದೆ.

"ಇನ್ನೊಂದ್ ಸಲ ಬಿಚ್ಚಲ್ಯಾ?" ಎಂದರು.

ನಾನು ಕೈ ಎತ್ತಿದೆ. ಇವರೂ ಬಾಯಿ ಮುಚ್ಚಿದರು.