ಗುಡುಗುವೀರನ ಮೀಸೆ

ವಯಸ್ಸಾದಂತೆ ಮನುಷ್ಯ ಒಂದೊಂದೇ ನಂಬಿಕೆಯನ್ನು ಕೈಬಿಡುತ್ತಾ ಹೋಗುತ್ತಾನೆ ಎನ್ನುತ್ತಾರೆ. ನಾನೂ ಕೈಬಿಟ್ಟಿದ್ದೇನೆ. ಎಣ್ಣೆ ತಿಕ್ಕಿದರೆ ತಲೆಯಲ್ಲಿ ಕೂದಲು ಬರುತ್ತದೆ ಎಂಬ ನಂಬಿಕೆ ಮೊದಲು ಹೋಯಿತು. ನಸುಕಿನಲ್ಲಿ ಎದ್ದು ನಡೆದರೆ ಹೊಟ್ಟೆ ಕರಗುತ್ತದೆ ಎಂಬುದು ಆಮೇಲೆ ಹೋಯಿತು. ಅದರ ಹಿಂದೆಯೇ ನಡೆಯುವುದೂ ನಿಂತಿತು. ಉಳಿದದ್ದೊಂದೇ, ನನ್ನ ಮೀಸೆ. ಬನಹಟ್ಟಿಯಲ್ಲಿ ನಾಲ್ಕು ಪವರ್‌ಲೂಮ್ ಇಟ್ಟುಕೊಂಡು ಸೀರೆ ನೇಯಿಸುವ, ಐವತ್ತೆಂಟು ದಾಟಿದ ಗೃಹಸ್ಥನೊಬ್ಬ ಚಿತ್ರಕಥೆಯ ವೀರನನ್ನು ನೋಡಿ ಮೀಸೆ ಬೆಳೆಸಿದ್ದಾನೆ ಎಂದು ಒಪ್ಪಿಕೊಳ್ಳುವುದು ಸುಲಭದ ಮಾತಲ್ಲ. ಆದರೂ ಒಪ್ಪಿಕೊಳ್ಳುತ್ತೇನೆ. ಗುಡುಗುವೀರನ ಮೀಸೆ ಹೇಗಿತ್ತೋ ನನ್ನದೂ ಹಾಗೇ ಇದೆ. ಎರಡೂ ಕಡೆ ಮೇಲಕ್ಕೆ ತಿರುವಿದ್ದು, ಎಡಗಡೆಯ ತುದಿ ಬಲಗಡೆಯದಕ್ಕಿಂತ ಒಂದು ಜೋಳದ ಕಾಳಿನಷ್ಟು ಉದ್ದ. ಕಟಿಂಗ್ ಅಂಗಡಿಯ ಶಿವು ಪ್ರತಿ ಸಲ ಅದನ್ನು ಸಮ ಮಾಡಲು ಕತ್ತರಿ ಎತ್ತುತ್ತಾನೆ, ನಾನು ಪ್ರತಿ ಸಲ ಅವನ ಕೈ ಹಿಡಿಯುತ್ತೇನೆ. "ಸೊಟ್ಟ ಮೀಸಿ ಇಟಗೊಂಡು ಬೀಗರ ಮನಿಗೆ ಬರಬ್ಯಾಡ್ರಿ" ಎಂದು ನನ್ನ ಹೆಂಡತಿ ಶಾಂತಾ ಮೂವತ್ತು ವರ್ಷದಿಂದ ಹೇಳುತ್ತಿದ್ದಾಳೆ. ನಿಷ್ಠೆ ಎಂದರೇನೆಂದು ಆಕೆಗೆ ಗೊತ್ತಿಲ್ಲ.

ಗುಡುಗುವೀರ ಯಾರೆಂದು ನಿಮಗೂ ಗೊತ್ತಿರಲಿಕ್ಕಿಲ್ಲ. ನಮ್ಮ ಚಿಕ್ಕಂದಿನಲ್ಲಿ ತಿಂಗಳಿಗೊಮ್ಮೆ ಬರುತ್ತಿದ್ದ ಚಿತ್ರಕಥೆಯ ನಾಯಕ ಅವನು. ಮೋಡದಿಂದ ಜಿಗಿದು ಬಂದು ದರೋಡೆಕೋರರನ್ನು ಗಿಡಕ್ಕೆ ಕಟ್ಟಿಹಾಕುತ್ತಿದ್ದ. ಕಟ್ಟಿದ ಮೇಲೆ ಎರಡು ಪುಟ ಬುದ್ಧಿವಾದ ಹೇಳುತ್ತಿದ್ದ. ಅದರ ಬದಲು ನಾಲ್ಕು ಏಟು ಹಾಕಿದ್ದರೆ ಲೇಸಿತ್ತು ಎಂದು ದರೋಡೆಕೋರರಿಗೂ ಅನ್ನಿಸಿರಬೇಕು. ಇಡೀ ಓಣಿಗೆ ಬರುತ್ತಿದ್ದುದು ಒಂದೇ ಪ್ರತಿ. ಬಸ್ ಕಂಡಕ್ಟರ್ ಆಗಿದ್ದ ನಮ್ಮ ಸೋದರಮಾವ ಅದನ್ನು ಹುಬ್ಬಳ್ಳಿಯಿಂದ ತಂದು ಮಧ್ಯಾಹ್ನ ನಮ್ಮ ಮನೆಯಲ್ಲಿ ಕೊಟ್ಟು ಹೋಗುತ್ತಿದ್ದ. ಸಂಜೆ ಶಾಲೆ ಬಿಟ್ಟ ಮೇಲೆ ನಾನು ಕಟ್ಟೆಯ ನಡುವೆ ಕೂತು ಗಟ್ಟಿಯಾಗಿ ಓದುತ್ತಿದ್ದೆ. ಎಡಕ್ಕೆ ಪದ್ಮಣ್ಣ, ಬಲಕ್ಕೆ ಇಮಾಮಸಾಬ. ಈಗ ಪದ್ಮಣ್ಣನದು ತೇರದಾಳದಲ್ಲಿ ಕಾಳುಕಡಿಯ ಅಂಗಡಿ, ಇಮಾಮಸಾಬನದು ರಬಕವಿಯಲ್ಲಿ ಟೇಲರ್ ಅಂಗಡಿ. ಪುಸ್ತಕ ಅಚ್ಚು ಹಾಕುತ್ತಿದ್ದ ಕಂಪನಿ ಯಾವಾಗಲೋ ಮುಚ್ಚಿತು, ನಮ್ಮ ಸಂಘ ಮುಚ್ಚಲಿಲ್ಲ. ಪ್ರತಿ ಭಾನುವಾರ ಬನಹಟ್ಟಿ ಬಸ್‌ಸ್ಟ್ಯಾಂಡಿನ ಹೋಟೆಲಿನಲ್ಲಿ ಮೂವರೂ ಕೂತು, ಚಹಾ ಕುಡಿದು, ಗುಡುಗುವೀರನ ಬಗ್ಗೆ ವಾದ ಮಾಡುತ್ತೇವೆ. ಪುಸ್ತಕ ನಮ್ಮ ಮನೆಗೆ ಬರುತ್ತಿತ್ತಾದ್ದರಿಂದ ನಾನು ಅಧ್ಯಕ್ಷ.

ವಾದಗಳು ಸಣ್ಣವಲ್ಲ. ಗುಡುಗುವೀರನ ಬೆನ್ನ ಮೇಲಿನ ಶಾಲು ಮೆಣಸಿನಕಾಯಿ ಕೆಂಪಿನದು, ಅದರ ಅಂಚಿಗೆ ನಮ್ಮ ಸೀರೆಯ ಸೆರಗಿನಲ್ಲಿರುವಂಥ ತೆನೆಯ ಚಿತ್ತಾರ. ಇದರಿಂದ ಚಿತ್ರ ಬರೆದವನು ನಮ್ಮ ಕಡೆಯವನೇ ಎಂದು ನಾವು ಎಂದೋ ಸಾಬೀತು ಮಾಡಿದ್ದೇವೆ. ತೀರ್ಮಾನವಾಗದೆ ಉಳಿದದ್ದು ಎರಡು ಜಡೆಯ ಹುಡುಗಿಯ ವಿಷಯ. ಪ್ರತಿ ಕಥೆಯ ಕೊನೆಯ ಪುಟದ ಮೂಲೆಯಲ್ಲಿ, ಅಂಥದ್ದೇ ಕೆಂಪು ಶಾಲು ಹೊದ್ದು, ಒಬ್ಬ ಸಣ್ಣ ಹುಡುಗಿ ಹಾರುತ್ತಿರುತ್ತಾಳೆ. ಮಾತಿಲ್ಲ, ಕತೆಯಿಲ್ಲ. ಆಕೆ ಋಷಿಯ ಮಗಳೆಂದು ಪದ್ಮಣ್ಣ, ವೀರನ ತಂಗಿಯೆಂದು ಇಮಾಮಸಾಬ. ನಾನು ಅಧ್ಯಕ್ಷನಾದ್ದರಿಂದ ಎರಡಕ್ಕೂ ತಲೆಯಾಡಿಸುತ್ತಿದ್ದೆ.

ಹೀಗಿರುವಾಗ ಯಾರೋ ಹೊಸಬರು ಗುಡುಗುವೀರನನ್ನು ಮತ್ತೆ ಅಚ್ಚು ಹಾಕಿಸಿದರು. ಇಮಾಮಸಾಬ ಜಮಖಂಡಿಯಲ್ಲಿ ಕೊಂಡು ತಂದ. ಮೂವರೂ ಬಗ್ಗಿ ನೋಡಿದೆವು, ಮೂವರ ಚಹಾವೂ ಆರಿತು. ರಟ್ಟಿನ ಮೇಲೆ ಒಬ್ಬ ಹುಡುಗಿ! ಮುದುಕನಾದ ಗುಡುಗುವೀರ ತನ್ನ ಶಕ್ತಿಯನ್ನು ಆಕೆಗೆ ಧಾರೆ ಎರೆದನಂತೆ, ಇನ್ನು ಮುಂದೆ ಆಕೆಯೇ ಗುಡುಗುವೀರ. ಆಕೆಯ ಮೈಬಣ್ಣ ನಮ್ಮ ಎರೆಮಣ್ಣಿನಂತೆ ಕಪ್ಪು. ಶಾಲು ನೀಲಿ, ತೆನೆ ಇಲ್ಲ. ಒಳಗೆ ಶಕ್ತಿ ಕೊಡುವ ಮುದುಕನನ್ನು ನೋಡಿದರೆ ಅವನ ಮುಖ ಬೋಳು. ಎಲ್ಲಕ್ಕಿಂತ ಮೇಲಾಗಿ, ಮೂಲೆಯಲ್ಲಿ ದಪ್ಪ ಅಕ್ಷರದಲ್ಲಿ 'ಮೊದಲ ಬಾರಿಗೆ ಬಣ್ಣದಲ್ಲಿ' ಎಂದು ಬರೆದಿತ್ತು.

"ಎಂಥಾ ಸುಳ್ಳ ಬುರಕರಲೇ ಇವರು!" ಎಂದು ಪದ್ಮಣ್ಣ ಮೇಜು ಗುದ್ದಿದ. "ನಾವು ಸಣ್ಣಾವರಿದ್ದಾಗಿಂದ ಬಣ್ಣದಾಗಽ ನೋಡಾಕತ್ತೇವಿ. ಹುಡುಗಿ ಅಂತ, ಕರಿ ಅಂತ! ನಾಳೆ ಕುದುರಿ ಮಾಡ್ತಾರ."

"ಕತಿ ಓದಿದಿ ಏನ್?" ಎಂದ ಇಮಾಮಸಾಬ. "ನಾ ಬಸ್ಸಿನಾಗ ಓದಿದೆ. ಛಲೋ ಐತಿ. ಬುದ್ಧಿ ಮಾತು ಅರ್ಧಾ ಪುಟಕ್ಕ ಮುಗಸ್ತಾಳ."

"ಓದೂದು ಯಾಕ ಬೇಕು? ಮೀಸಿನಽ ತಗದಾರ!"

ಆ ಮಾತು ನನಗೆ ನಾಟಿತು. ಶಾಲು ಹೋದರೆ ಹೋಗಲಿ, ಮೀಸೆ ಹೇಗೆ ತೆಗೆಯುತ್ತಾರೆ? ಪ್ರಕಾಶಕರಿಗೆ ಪ್ರತಿಭಟನೆಯ ಪತ್ರ ಬರೆಯುವುದು, ಜೊತೆಗೆ ಸಾಕ್ಷಿಯಾಗಿ ಮೊದಲ ಸಂಚಿಕೆಯ ಫೋಟೋ ಕಳಿಸುವುದು ಎಂದು ಠರಾವಾಯಿತು. ಸಿಟ್ಟಿನ ಭರದಲ್ಲಿ ನಾನು ಎದ್ದು ನಿಂತು, ಹೋಟೆಲಿನವರೆಲ್ಲ ಕೇಳುವಂತೆ, "ಮೂಲದಾಗ ಮೀಸಿ ಇಲ್ಲ ಅಂತ ಯಾರರ ತೋರಸ್ಲಿ, ನನ್ನ ಮೀಸಿ ಬೋಳಸ್ತೇನಿ!" ಎಂದುಬಿಟ್ಟೆ. ಪದ್ಮಣ್ಣ ಅದನ್ನೂ ಪತ್ರದಲ್ಲಿ ಸೇರಿಸಿದ. ವ್ಯಾಪಾರಸ್ಥ, ಬಾಯಿಮಾತಿನ ಮೇಲೆ ಯಾವುದನ್ನೂ ಬಿಡುವವನಲ್ಲ.

ಮನೆಗೆ ಬಂದು ಶಾಂತಾಗೆ ಹೇಳಿದೆ. ಆಕೆ ಲಾಳಿಯೊಳಗಿನ ಕಂಡಿಕೆಗೆ ನೂಲು ಸುತ್ತುತ್ತಿದ್ದಳು, ಕೈ ನಿಲ್ಲಿಸಲಿಲ್ಲ. "ನೀವು ದೊಡ್ಡಾಟದಾಗ ರಾಣಿ ಪಾರ್ಟ್ ಮಾಡಿದ್ರೆಲ್ಲಾ, ಗಂಡಸು ಹೆಂಗ ರಾಣಿ ಆದ ಅಂತ ಯಾರರ ಪತ್ರಾ ಬರದ್ರೇನು?" ಎಂದಳು. ಮದುವೆಗೆ ಮುಂಚಿನ ಮಾತು ಅದು, ಆಕೆಗೆ ಯಾರು ಹೇಳಿದರೋ. ಅದು ಕಲೆ, ಇದು ಬೇರೆ ಎಂದೆ. ಹೇಗೆ ಬೇರೆ ಎಂದು ಆಕೆ ಕೇಳುವುದರೊಳಗೆ ಬಸ್‌ಸ್ಟ್ಯಾಂಡ್ ಕಡೆ ಹೊರಟೆ.

ಹಳೆಯ ಸಂಚಿಕೆಗಳಿದ್ದದ್ದು ಮುಧೋಳದಲ್ಲಿ, ನನ್ನ ಅಕ್ಕ ಗಂಗಕ್ಕನ ಮನೆಯಲ್ಲಿ. ನನಗಿಂತ ಏಳು ವರ್ಷಕ್ಕೆ ದೊಡ್ಡವಳು. ಮದುವೆಯಾಗಿ ಹೋಗುವಾಗ ತನ್ನ ಟ್ರಂಕಿನಲ್ಲಿ ಸೀರೆಗಳ ಕೆಳಗೆ ಗುಡುಗುವೀರನನ್ನೂ ಒಯ್ದಿದ್ದಳು. ಆಗ ನಾನು ಅತ್ತಿದ್ದೆ, ಅಕ್ಕ ಹೋದಳೆಂದು ಅತ್ತೆನೆಂದು ಎಲ್ಲರೂ ತಿಳಿದರು. ಮಹಾಲಿಂಗಪುರ ದಾಟುವಾಗ ಕಬ್ಬಿನ ಟ್ರ್ಯಾಕ್ಟರುಗಳು ರಸ್ತೆ ಹಿಡಿದಿದ್ದವು. ಬಸ್ಸು ಅವುಗಳ ಹಿಂದೆ ತೆವಳಿತು, ನಾನು ಮೀಸೆ ತಿರುವುತ್ತಾ ಕೂತೆ.

ಅಕ್ಕ ಬಿಸಿ ರೊಟ್ಟಿ, ಎಣ್ಣೆಗಾಯಿ ಬಡಿಸಿದಳು. ಬಂದ ಕಾರಣ ಹೇಳಿದೆ, ಹೊಸ ಪುಸ್ತಕವನ್ನೂ ತೋರಿಸಿದೆ. ಆಕೆ ಕನ್ನಡಕ ಹಾಕಿಕೊಂಡು ಬಹಳ ಹೊತ್ತು ನೋಡಿದಳು. ಆಮೇಲೆ ನಗಲು ಶುರುಮಾಡಿದಳು. ಸೆರಗು ಬಾಯಿಗಿಟ್ಟುಕೊಂಡು, ಕಣ್ಣಲ್ಲಿ ನೀರು ಬರುವವರೆಗೆ ನಕ್ಕಳು.

"ಮೀಸಿ ನಾ ಬರದಿದ್ದೆಲ್ಲೋ ತಮ್ಮಾ!"

ನನ್ನ ಕೈಯ ರೊಟ್ಟಿ ಕೈಯಲ್ಲೇ ಉಳಿಯಿತು. ಅಕ್ಕ ಟ್ರಂಕು ತೆಗೆದು ಪುಸ್ತಕಗಳನ್ನು ಹರವಿದಳು. ಬಣ್ಣದ ಕೆಳಗೆ ನೋಡು ಎಂದಳು. ಬೆಳಕಿಗೆ ಹಿಡಿದರೆ ಕಂಡಿತು. ಅಚ್ಚಾದದ್ದು ಬರೀ ಕಪ್ಪು-ಬಿಳುಪು. ಅಪ್ಪ ಚೌಕುಳಿ ಹಾಳೆಯ ಮೇಲೆ ಸೆರಗಿನ ಡಿಸೈನ್ ಬರೆಯಲು ಇಟ್ಟುಕೊಂಡಿದ್ದ ಬಣ್ಣದ ಡಬ್ಬಿಯಿಂದ ಅಕ್ಕ ಪುಟಪುಟಕ್ಕೂ ಬಣ್ಣ ತುಂಬಿದ್ದಳು. ಏಳನೆಯ ಇಯತ್ತೆಗೆ ಆಕೆಯ ಶಾಲೆ ಬಿಡಿಸಿ ಕಂಡಿಕೆ ಸುತ್ತಲು ಕೂರಿಸಿದ್ದರು. ಮಧ್ಯಾಹ್ನ ಮಾವ ಪುಸ್ತಕ ಕೊಟ್ಟು ಹೋದರೆ, ನಾನು ಶಾಲೆಯಿಂದ ಬರುವುದರೊಳಗೆ ಅದು ಹೊಸ ಬಣ್ಣ ಉಟ್ಟು ಸಿದ್ಧವಾಗಿರುತ್ತಿತ್ತು.

"ಡಬ್ಯಾಗ ಕೆಂಪು ಭಾಳ ಉಳದಿತ್ತು, ಅದಕ್ಕ ಶಾಲು ಕೆಂಪು. ತೆನಿ ಬರಿಯಾಕ ನನಗ ಕೈ ಹತ್ತಿತ್ತು. ಮೀಸಿ ಇಲ್ಲದ ಅಂವಾ ಬೋಳ ಬೋಳ ಕಾಣಸ್ತಿದ್ದ, ಬರದೆ. ಯಾಕ, ತಪ್ಪಾತೇನು?"

"ಮತ್ತ ಈ ಎರಡು ಜಡಿ ಹುಡುಗಿ?" ಎಂದು ಕೇಳಿದೆ.

"ಅದಾ?" ಅಕ್ಕ ಆ ಮೂಲೆಯ ಮೇಲೆ ಬೆರಳಾಡಿಸಿದಳು. "ನಾ ಅಲ್ಲೇನೋ. ಕಂಡಿಕಿ ಸುತ್ತಿ ಸುತ್ತಿ ಬ್ಯಾಸರ ಬರತಿತ್ತು. ಕಡೀ ಪುಟದಾಗ ಒಂದೀಟು ಹಾರಿ ಬರತಿದ್ದೆ."

ನನಗೆ ನಾಚಿಕೆಯಾಯಿತು. ಮೂವರು ಗಂಡಸರು ನಾಲ್ಕು ದಶಕ ಚಹಾ ಕುಡಿದು ಕುಡಿದು ಆ ಹುಡುಗಿ ಯಾರೆಂದು ಚರ್ಚಿಸಿದ್ದೆವು, ಆಕೆ ಇಪ್ಪತ್ತು ಮೈಲಿ ಆಚೆ ರೊಟ್ಟಿ ಬಡಿಯುತ್ತಿದ್ದಳು. ಒಬ್ಬರಿಗೂ ಒಂದು ಮಾತು ಆಕೆಯನ್ನು ಕೇಳಬೇಕು ಅನ್ನಿಸಿರಲಿಲ್ಲ. ಅಕ್ಕ ಹೊಸ ಪುಸ್ತಕವನ್ನು ಮಡಿಲಲ್ಲಿ ಇಟ್ಟುಕೊಂಡು, "ಇದನ್ನ ಇಲ್ಲೇ ಬಿಟ್ಟು ಹೋಗು, ಓದಬೇಕು. ಛಲೋ ಬರದಾರ, ಕರ್ರಗ ನನ್ನಂಗಽ ಅದಾಳ" ಎಂದಳು. ಬಿಟ್ಟು ಬಂದೆ.

ಬರುವ ದಾರಿಯುದ್ದಕ್ಕೂ ನನ್ನ ಮನಸ್ಸು ಹೇಳಿದ್ದು ಒಂದೇ, ಸುಮ್ಮನಿದ್ದುಬಿಡು. ಟ್ರಂಕಿಗೆ ಗೆದ್ದಲು ಹಿಡಿಯಿತು ಎಂದರೆ ಮುಗಿಯಿತು, ಮೀಸೆ ಉಳಿಯುತ್ತದೆ. ಭಾನುವಾರ ಹೋಟೆಲಿಗೆ ಹೋಗುವವರೆಗೂ ಗೆದ್ದಲಿನ ಕತೆಯನ್ನೇ ಉರು ಹೊಡೆದಿದ್ದೆ. ಆದರೆ ಪದ್ಮಣ್ಣ ಚಹಾ ಹೀರುತ್ತಾ ಮತ್ತೆ ಶುರುಮಾಡಿದ, "ನಾ ಇನ್ನೂ ಹೇಳತೇನಿ, ಆಕಿ ಋಷಿ ಮಗಳು." ಅಷ್ಟಕ್ಕೇ ನನ್ನ ಬಾಯಿ ತಡೆಯಲಿಲ್ಲ. "ಋಷಿ ಮಗಳಲ್ಲಲೇ, ನಮ್ಮಪ್ಪನ ಮಗಳು!" ಎಂದು ಎಲ್ಲವನ್ನೂ ಹೇಳಿಬಿಟ್ಟೆ.

ಇಮಾಮಸಾಬ ಮೊದಲು ನಕ್ಕ. "ಅಂದ್ರ ಗುಡುಗುವೀರನ್ನ ಮೊದಲು ಬದಲ್ ಮಾಡಿದಾಕಿ ನಮ್ಮ ಗಂಗಕ್ಕ! ನಾವು ಪತ್ರಾ ಬರೀಬೇಕಾದದ್ದು ಮುಧೋಳಕ್ಕಲೇ!" ಪದ್ಮಣ್ಣ ನಗಲಿಲ್ಲ. ಕಿಸೆಯಿಂದ ಪತ್ರ ತೆಗೆದು ನಿಧಾನವಾಗಿ ಓದಿದ, ಹುಡುಗಿಯ ಬಗ್ಗೆ ಇದ್ದ ಸಾಲಿನ ಮೇಲೆ ಗೀರು ಎಳೆದ. "ಹುಡುಗಿ ಮೊದಲಿಂದನಽ ಇದ್ಲಂದ್ರ ತಕರಾರು ಎಲ್ಲಿ ಬಂತು?" ಎಂದ. ಶಾಲಿನ ಸಾಲಿಗೆ ಗೀರು, ಬಣ್ಣದ ಸಾಲಿಗೆ ಗೀರು. ಕೊನೆಗೆ ಪತ್ರದಲ್ಲಿ ಉಳಿದದ್ದು ನನ್ನ ಮೀಸೆಯ ಶಪಥ ಒಂದೇ. "ಇದು ಮಾತ್ರ ಹಂಗಽ ಐತಿ. ಏಳು, ಶಿವೂನ ಅಂಗಡಿಗೆ ಹೋಗೂಣು."

ಹೋದೆವು. ಮಾತು ಮಾತೇ. ಶಿವು ನನ್ನ ಕೊರಳಿಗೆ ಬಟ್ಟೆ ಕಟ್ಟಿ ಕತ್ತಿಗೆ ಹೊಸ ಬ್ಲೇಡು ಹಾಕಿದ. ಇಷ್ಟು ವರ್ಷ ತಡೆದ ಕೈಗಳನ್ನು ಈಗ ನಾನೇ ಬಟ್ಟೆಯ ಕೆಳಗೆ ಬಚ್ಚಿಟ್ಟುಕೊಂಡಿದ್ದೆ. ನೊರೆ ಹಚ್ಚುವ ಹೊತ್ತಿಗೆ ಇಮಾಮಸಾಬ, "ತಡೀಪಾ ಶಿವು. ಬರದಾಕಿ ಬ್ಯಾರೆ ಅದಾಳ. ಆಕೀನ ಕೇಳದ ತಗದ್ರ ಅದೂ ಬದಲ್ ಮಾಡಿದಂಗಽ ಅಲ್ಲೇನು?" ಎಂದ. ಪದ್ಮಣ್ಣನಿಗೆ ಇದು ನ್ಯಾಯವೆನಿಸಿತು. ಫೋನು ಹಚ್ಚಿ, ಎಲ್ಲರಿಗೂ ಕೇಳುವಂತೆ ಇಟ್ಟರು. ಸಂಗತಿ ಕೇಳಿದ ಅಕ್ಕ, "ಬೋಳಸಬ್ಯಾಡ್ರಿ, ಅಂವಾ ಬೋಳ ಬೋಳ ಕಾಣತಾನ" ಎಂದಳು. ನನಗೆ ಹೋದ ಜೀವ ಬಂದಂತಾಯಿತು.

"ಆದ್ರ ಶಿವು, ಎಡಗಡಿ ತುದಿ ಅಷ್ಟು ಸಮಾ ಮಾಡು" ಎಂದು ಫೋನಿನಲ್ಲೇ ಮುಂದುವರಿಸಿದಳು. "ಮೊದಲನೇ ಪುಸ್ತಕದಾಗ ಅದು ತಪ್ಪಿ ಉದ್ದಾತು. ಸೆರಗಿನಾಗ ಒಮ್ಮೆ ತಪ್ಪಿದ್ರ ಮುಂದೂ ಹಂಗಽ ತಪ್ಪಿಸ್ಕೋತ ಹೋಗು, ಡಿಸೈನ್ ಆಕ್ಕೈತಿ ಅಂತಿದ್ದ ನಮ್ಮಪ್ಪ. ಅದಕ್ಕ ಎಲ್ಲಾ ಪುಸ್ತಕದಾಗೂ ಹಂಗಽ ಬರದೆ."

"ಹೆಂಗ ತಪ್ಪಿತಕ್ಕಾ?" ಎಂದು ಕೇಳಿದೆ, ನೊರೆಯ ಒಳಗಿನಿಂದಲೇ. ನಿಷ್ಠೆಯಿಂದ ಕಾಪಾಡಿದ ಆ ಜೋಳದ ಕಾಳಿನಷ್ಟು ಉದ್ದಕ್ಕೆ ಏನಾದರೂ ಒಂದು ಕಾರಣ ಬೇಕಿತ್ತು ನನಗೆ.

"ಹೆಂಗಂದ್ರ? ಐದು ವರ್ಷದಾಂವ ಇದ್ದಿ ನೀ, ಇನ್ನೂ ಸಾಲಿಗೆ ಹಚ್ಚಿರಲಿಲ್ಲ. ಬರೀಬ್ಯಾಡ, ಗುಡುಗುವೀರನ್ನ ಕೆಡಸಬ್ಯಾಡ ಅಂತ ಅಳಕೋತ ಬಂದು ನನ್ನ ಮೊಳಕೈ ಹಿಡದು ಜಗ್ಗಿದಿ."