ನರಿಗೆ ಹೋದ ಪ್ರಲ್ಹಾದ

ಊರಿಗೆ ಬಂದವಳು ನೀರಿಗೆ ಬಾರದಿರುತ್ತಾಳೆಯೇ ಎಂದು ಹಿರಿಯರು ಕೇಳಿದ್ದರು. ನರಿಗೆ ಹೋದವನು ನೀರಿಗೆ ಬಾರದಿರುತ್ತಾನೆಯೇ ಎಂದು ಈಗ ಬೆಟಗೇರಿಯಲ್ಲಿ ಕೇಳುತ್ತಾರೆ. ಗಾದೆ ಕೆಟ್ಟಿದ್ದು ಪ್ರಲ್ಹಾದನಿಂದ. ಕೆಟ್ಟ ಬಗೆ ಮಾತ್ರ ಅಪ್ಪಟ ಖರೆ. ಸಂಶಯವಿದ್ದವರು ಅಂತೂರ-ಬೆಂತೂರಕ್ಕೆ ಹೋಗಿ ಕೇಳಬಹುದು. ಅಲ್ಲಿಯವರು ಇದಕ್ಕಿಂತ ಹೆಚ್ಚು ಹೇಳಿಯಾರು, ಕಡಿಮೆಯಂತೂ ಹೇಳರು.

ಎಲ್ಲಕ್ಕೂ ಮೂಲ ಮಾಳಿಗೆಯ ಮೇಲಿನ ಒಂದು ಕಂಬ. ನೇಕಾರರ ಸಹಕಾರಿ ಸಂಘದಲ್ಲಿ ಕಾರಕೂನನಾಗಿದ್ದ ಪ್ರಲ್ಹಾದ, ಸರಕಾರದ ಪರೀಕ್ಷೆ ಪಾಸು ಮಾಡಿ ಲೈಸೆನ್ಸು ಪಡೆದ ಹ್ಯಾಮ್ ರೇಡಿಯೋ ಹವ್ಯಾಸಿ. ಅವನ ಅಜ್ಜ ಓಣಿಯುದ್ದಕ್ಕೂ ನೂಲಿನ ಹಾಸು ಎಳೆದು ಕಟ್ಟುತ್ತಿದ್ದ. ಮೊಮ್ಮಗ ಆ ಕಂಬದಿಂದ ಓಣಿಯುದ್ದಕ್ಕೂ ತಾಮ್ರದ ತಂತಿ ಎಳೆದು ಕಟ್ಟಿದ. ಅಜ್ಜನ ಹಾಸಿನಿಂದ ಸೀರೆ ಬರುತ್ತಿತ್ತು, ಮೊಮ್ಮಗನ ತಂತಿಯಿಂದ ಬರೀ ಸೀಟಿ ಬರುತ್ತದೆ ಎಂದು ಓಣಿಯವರು ಆಡಿಕೊಂಡರು. ಆಡಿಕೊಂಡರೇನು? ಆ ಸೀಟಿಯ ನಡುವೆ ಅವನಿಗೆ ಜಪಾನಿನ ಮೀನುಗಾರ, ಸೈಬೀರಿಯಾದ ಡಾಕ್ಟರ, ಇಂಡೋನೇಷ್ಯಾದ ಅಡುಗೆಯವ ಎಲ್ಲರೂ ಸಿಗುತ್ತಿದ್ದರು. "ಗದಗ ಎಲ್ಲಿದೆ?" ಎಂದು ಅವರು ಇಂಗ್ಲಿಷಿನಲ್ಲಿ ಕೇಳಿದರೆ, "ಹುಬ್ಬಳ್ಳಿ ಬಾಜೂಕ" ಎಂದು ಅದೇ ಗತ್ತಿನಲ್ಲಿ ಹೇಳುತ್ತಿದ್ದ, ಹುಬ್ಬಳ್ಳಿ ಎಲ್ಲಿದೆಯೆಂದು ಸೈಬೀರಿಯಾದ ಕೂಸುಗಳಿಗೂ ಗೊತ್ತಿರುವಂತೆ. ಏಳು ಸಮುದ್ರದಾಚೆಯ ಪಿಸುಮಾತು ಹಿಡಿಯುವ ಆ ಕಿವಿಗೆ ಕೆಳಗಿನ ಅಡುಗೆಮನೆಯಿಂದ ಹೆಂಡತಿ ಕಲ್ಪನಾ ಕೂಗಿದ್ದು ಮಾತ್ರ ಕೇಳಿಸುತ್ತಿರಲಿಲ್ಲ.

ನಳದ ನೀರು ಅಳಿಯನ ಹಾಗೆ ಮನಸ್ಸು ಬಂದಾಗ ಬರುವ ಓಣಿ ಅದು. ನೀರು ತುಂಬಿಡಲು ಕಲ್ಪನಾಳಿಗೆ ಎರಡನೆಯ ಟಾಕಿ ಬೇಕಾಗಿತ್ತು.

"ಮಾಳಗಿ ಮ್ಯಾಲ ಗಟ್ಟಿ ಜಾಗಾ ಇರೂದು ಒಂದ. ಅಲ್ಲೆ ನಿಮ್ಮ ಕಂಬ ನಿಂತೈತಿ. ನಿಮ್ಮ ಜಪಾನದಾಂವ ಒಂದ ಕೊಡ ನೀರ ಕಳಸ್ತಾನೇನ್ರಿ?"

"ರವಿವಾರ ನರಿ ಬೇಟಿ ಐತಿ. ಗೆದ್ದ ತೋರಸ್ತೇನಿ. ಆಮ್ಯಾಲೆ ಮಾತಾಡು" ಎಂದ ಪ್ರಲ್ಹಾದ.

"ಹರ ಸಲ ಸೋತ ಬರ್ತೀರಿ. ಆತು, ಈ ಸಲ ಆ ನರಿ ಪೆಟಿಗಿ ಕೈಯಾಗ ಹಿಡಕೊಂಡ ಬರ್ರಿ, ಕಂಬ ಇರ್ಲಿ. ಬರಿಗೈಲೆ ಬಂದ್ರಿ ಅಂದ್ರ ಕಂಬ ಇಳೀತೈತಿ, ಟಾಕಿ ಏರತೈತಿ."

ಈ ನರಿಗೆ ಬಾಲವಿಲ್ಲ. ಅಂಗೈಯಗಲದ ರೇಡಿಯೋ ಪೆಟ್ಟಿಗೆ ಅದು. ಒಬ್ಬ ಅದನ್ನು ಎಲ್ಲಾದರೂ ಅಡಗಿಸಿಡಬೇಕು. ಅದು ಗಳಿಗೆಗೊಮ್ಮೆ ಗಾಳಿಯಲ್ಲಿ ಕೂಗು ಹಾಕುತ್ತದೆ. ಉಳಿದವರು ಆ ಕೂಗಿನ ದಿಕ್ಕು ಹಿಡಿದು, ಸಂಜೆ ಐದರೊಳಗೆ ಪೆಟ್ಟಿಗೆಯನ್ನು ಕಂಡುಹಿಡಿಯಬೇಕು. ಆ ರವಿವಾರ ರೇಡಿಯೋ ಕ್ಲಬ್ಬಿನ ಉಳಿದವರೆಲ್ಲ ಮುಂಡರಗಿಗೆ ಮದುವೆಯೂಟಕ್ಕೆ ಹೋಗಿದ್ದರಿಂದ ಬೇಟೆಗೆ ಉಳಿದವನು ಪ್ರಲ್ಹಾದ ಒಬ್ಬನೇ. ಒಬ್ಬನೇ ಓಡಿದರೆ ಮೊದಲನೆಯ ನಂಬರು ಎಲ್ಲಿ ಹೋಗುತ್ತದೆ ಎಂದು ಅವನ ಧೈರ್ಯ.

ನರಿ ಅಡಗಿಸಿದವನು ಪ್ರಭುಲಿಂಗ. ಫೋಟೋ ಸ್ಟುಡಿಯೋ ಇಟ್ಟವ, ಮಿಮಿಕ್ರಿಯಲ್ಲಿ ಪಳಗಿದವ. ಕಾಗೆಯಿಂದ ಹಿಡಿದು ತಹಶೀಲದಾರರವರೆಗೆ ಎಲ್ಲರ ಗಂಟಲೂ ಅವನ ಗಂಟಲಲ್ಲಿ ಬಾಡಿಗೆಗೆ ಇದ್ದವು. ಮಲ್ಲಸಮುದ್ರದ ಹೊರಗೆ ಸ್ಕೂಟರು ನಿಲ್ಲಿಸಿ ಪ್ರಲ್ಹಾದ ಕಿವಿಗೆ ಹೆಡ್‌ಫೋನು ಏರಿಸಿದನೋ ಇಲ್ಲವೋ, ನರಿ ಕೂಗಿತು. ಪೀಪಿಯಂತೆ ಅಲ್ಲ, ಥೇಟು ಕಲ್ಪನಾಳಂತೆ: "ಏನ್ರೀ, ಎಲ್ಲೆ ಅದೀರಿ? ಟಾಕಿ ತುಂಬಸ್ತೇನಿ, ಕಂಬ ಕೀಳ್ರಿ!"

ಪ್ರಲ್ಹಾದ ಬೆಚ್ಚಿ ಹಿಂದೆ ತಿರುಗಿ ನೋಡಿದ. ಓಣಿಗೆಲ್ಲ ಗೊತ್ತಿದ್ದ ಟಾಕಿಯ ಜಗಳವನ್ನು ಪ್ರಭುಲಿಂಗ ಅವಳ ದನಿಯಲ್ಲಿ ಪೆಟ್ಟಿಗೆಯೊಳಗೆ ರೆಕಾರ್ಡು ಮಾಡಿಟ್ಟಿದ್ದಾನೆಂದು ಹೊಳೆದು ಹಲ್ಲು ಕಡಿದ. "ಪ್ರಭ್ಯಾ, ನಿನ್ನ ನೆಗೆಟಿವ್ ತೊಳದ ಹಾಕ್ಲಿಲ್ಲಂದ್ರ ನೋಡಲೇ!"

ಅವನ ಕೈಯಲ್ಲಿದ್ದ ಏರಿಯಲ್ಲು ಸ್ವಂತ ಕೈಕೆಲಸ. ಪ್ಲಾಸ್ಟಿಕ್ ಪೈಪಿಗೆ ಅಳತೆಯ ಸ್ಟೀಲ್ ಟೇಪಿನ ಮೂರು ತುಂಡು ಅಡ್ಡ ಬಿಗಿದದ್ದು. ಮಾಂಸವೆಲ್ಲ ತಿಂದು ಬಿಟ್ಟ ಮೀನಿನ ಬೆನ್ನುಮುಳ್ಳಿನ ಹಾಗೆ ಕಾಣುತ್ತಿತ್ತು. ಯಾವ ಕಡೆ ಹಿಡಿದಾಗ ದನಿ ಜೋರಾಗುತ್ತದೋ ಆ ಕಡೆ ನರಿ. ದನಿ ಅಂತೂರ-ಬೆಂತೂರದ ಕಡೆ ತೋರಿಸಿತು. ಹೋದ. ಅಲ್ಲಿ ಎಡಕ್ಕೆ ತೋರಿಸಿತು. ಎಡಕ್ಕೆ ಹೋದರೆ ಬಲಕ್ಕೆ ಹೊರಳಿತು. ಅಡಗಿಸಿಟ್ಟ ಪೆಟ್ಟಿಗೆ ಪಕ್ಷಾಂತರಿ ಮೆಂಬರನ ಹಾಗೆ ದಿಕ್ಕು ಬದಲಿಸುವುದನ್ನು ಅವನು ಹಿಂದೆಂದೂ ಕಂಡಿರಲಿಲ್ಲ. ಏರಿಯಲ್ಲಿನದೇ ತಪ್ಪೆಂದು ಅದರ ನಟ್ಟು ಬಿಗಿದ, ಸಡಿಲಿಸಿದ, ಮತ್ತೆ ಬಿಗಿದ.

ಬಿಸಿಲು ನೆತ್ತಿಗೇರುವ ಹೊತ್ತಿಗೆ ಕಡಲೆ ಕಿತ್ತು ಬರಿದಾದ ಒಂದು ಎರೆಹೊಲದ ಹತ್ತಿರ ದನಿ ಗಟ್ಟಿಯಾಯಿತು. ಪ್ರಲ್ಹಾದ ಮೀನಿನ ಮುಳ್ಳನ್ನು ಮುಂದೆ ಚಾಚಿ, ಕಣ್ಣು ಅರೆಮುಚ್ಚಿ, ಹೆಜ್ಜೆಯ ಮೇಲೆ ಹೆಜ್ಜೆಯಿಡುತ್ತ ಒಳಗೆ ನಡೆದ.

ಆ ಹೊಲದಲ್ಲಿ ಬೋರ್‌ವೆಲ್ ಕೊರೆಯುವ ಲಾರಿ ಬೆಳಗಿನಿಂದ ಸುಮ್ಮನೆ ನಿಂತಿತ್ತು. ಹೊಲದ ಅರ್ಧ ಹುಚ್ಚೀರಪ್ಪನದು, ಅರ್ಧ ತಮ್ಮ ಹೊನ್ನೇಶನದು. ನಡುವೆ ಒಡ್ಡು, ಒಡ್ಡಿನ ಮೇಲೆ ಪಾಲು ತೋರಿಸುವ ಕಲ್ಲಿನ ಕಂಬ. ಕೂಡಿ ಬೋರು ಹಾಕಿಸೋಣ ಎಂಬಲ್ಲಿಯವರೆಗೆ ಒಪ್ಪಿಗೆಯಾಗಿತ್ತು. ಎಲ್ಲಿ ಎಂಬಲ್ಲಿ ಜಗಳ. ಅಣ್ಣ ಕರೆಸಿದ ನೀರು ನೋಡುವವನ ಅಂಗೈಯ ಮೇಲೆ ತೆಂಗಿನಕಾಯಿ ಎದ್ದು ನಿಂತದ್ದು ಅಣ್ಣನ ಪಾಲಿನಲ್ಲಿ, ತಮ್ಮ ಕರೆಸಿದವನ ಕೈಯಲ್ಲಿ ಬೇವಿನ ಕವಲುಕಡ್ಡಿ ಬಾಗಿದ್ದು ತಮ್ಮನ ಪಾಲಿನಲ್ಲಿ. ಲಾರಿಯವರು ಲಾರಿಯ ನೆರಳಿನಲ್ಲೇ ಮಲಗಿ ಗೊರಕೆ ಹೊಡೆಯುತ್ತಿದ್ದರು.

"ಅಣ್ಣಾ, ಅಲ್ಲಿ ನೋಡು!" ಎಂದ ಹೊನ್ನೇಶ. "ನೀರ ನೋಡಾವ ಬಂದಾನ. ಕಾಯಿ ಇಲ್ಲ, ಕಡ್ಡಿ ಇಲ್ಲ, ಮಶೀನ್ ಹಿಡದಾನ!"

"ಕಿವ್ಯಾಗ ಏನೋ ಹಾಕ್ಕೊಂಡಾನಲ್ಲೋ. ತಳದಾಗಿನ ನೀರಿನ ಸಪ್ಪಳಾ ಕೇಳ್ತೈತಿ ಕಾಣ್ತೈತಿ. ನೀ ಕರಸೀಯೇನು?"

"ನಾ ಕರಸಿಲ್ಲ. ನೀ ಕರಸೀಯೇನು?"

ಇಬ್ಬರೂ ಕರೆಸದವನು ಬಂದಿದ್ದಾನೆಂದರೆ ದೇವರೇ ಕಳಿಸಿದವನು ಎಂದು ಅಣ್ಣತಮ್ಮಂದಿರು ಬಹಳ ವರ್ಷಗಳ ಮೇಲೆ ಒಂದು ಮಾತಿಗೆ ಒಪ್ಪಿದರು. ಬೋರು ನೋಡಲು ನೆರೆದಿದ್ದ ಊರವರ ಗುಂಪು ಸದ್ದಿಲ್ಲದೆ ಪ್ರಲ್ಹಾದನ ಬೆನ್ನು ಹತ್ತಿತು.

ಹೆಡ್‌ಫೋನಿನೊಳಗಿದ್ದ ಅವನಿಗೆ ಹಿಂದಿನ ಪರಿವಾರದ ಪರಿವೆಯೇ ಇಲ್ಲ. ಒಡ್ಡಿನ ಹತ್ತಿರ ಬಂದಾಗ ದನಿ ಕಿವಿ ಹರಿಯುವಂತಾಯಿತು. ಅತ್ತ ಹಿಡಿದರೂ ಜೋರು, ಇತ್ತ ಹಿಡಿದರೂ ಜೋರು. ಕಲ್ಲಿನ ಸಂದಿ ನೋಡಿದ, ಮುಳ್ಳಕಂಟಿಯೊಳಗೆ ಕೈಹಾಕಿ ಕೆರೆಸಿಕೊಂಡ. ಕಂಬದ ಬುಡದಲ್ಲಿ ಒಂದು ಟಗರು ನಿಂತು ಹಸಿರು ಕರಿಕೆ ಹುಲ್ಲು ಮೇಯುತ್ತಿತ್ತು. "ಹೋಗಲೇ, ಅಡ್ಡ ಬಂದ ನಿಂತಾನ" ಎಂದು ಅದರ ಬೆನ್ನಿಗೆ ಒಂದು ತಟ್ಟಿ ಓಡಿಸಿ, ಅದು ನಿಂತ ಜಾಗದಲ್ಲಿ ತಾನು ನಿಂತು, ಬುಗುರಿಯ ಹಾಗೆ ಗರಗರ ತಿರುಗಿದ.

ತಿರುಗಿ ನಿಂತಾಗ ಅವನ ಎರಡು ಕಾಲುಗಳ ನಡುವೆ ಯಾರೋ ಕಲ್ಲಿಟ್ಟು ಅರಿಶಿನ ಕುಂಕುಮ ಹಚ್ಚಿದ್ದರು.

"ಏನ್ ನಡಸೀರಿ?" ಎಂದು ಅವನು ಹೆಡ್‌ಫೋನು ತೆಗೆದ.

"ಸಾಹೇಬ್ರ, ನಂಗೂ ಒಂದೀಟು ಕೇಳಸ್ರಿ" ಎಂದು ಹುಚ್ಚೀರಪ್ಪ ಅದನ್ನು ಕಸಿದು ತನ್ನ ತಲೆಯ ಪಟಗದ ಮೇಲೇ ಏರಿಸಿಕೊಂಡ. ಸ್ವಲ್ಪ ಹೊತ್ತು ಕೇಳಿದ. ಕೈಜೋಡಿಸಿದ.

"ಹೆಣ್ಣ ದನಿ! ಗಂಗವ್ವ ಮಾತಾಡಾಕತ್ತಾಳ! ಎಲ್ಲೆ ಅದೀರಿ ಅಂತಾಳ! ಟಾಕಿ ತುಂಬಸ್ತೇನಿ ಅಂತಾಳ! ಕಂಬ ಕೀಳ್ರಿ ಅಂತಾಳಪ್ಪೋ!"

ಮುಂದಿನದಕ್ಕೆ ಯಾರ ಅಪ್ಪಣೆಯೂ ಬೇಕಾಗಲಿಲ್ಲ. ಕೋರ್ಟು ಅಲುಗಿಸದ ಪಾಲಿನ ಕಂಬವನ್ನು ಅಣ್ಣತಮ್ಮಂದಿರು ತಾವೇ ಹೆಗಲು ಕೊಟ್ಟು ಕಿತ್ತರು. ಲಾರಿಯವರನ್ನು ಎಬ್ಬಿಸಿದರು. ಕೊಳವೆ ಆ ಜಾಗಕ್ಕೇ ಬಂದು ನಿಂತಿತು.

"ಅಯ್ಯ, ನಾ ನೀರ ನೋಡಾವ ಅಲ್ರಿ!" ಎಂದು ಪ್ರಲ್ಹಾದ ಗೋಗರೆದ. "ನಾ ನರಿ ಹುಡಕಾಕ ಬಂದಾವ!"

"ದೊಡ್ಡವರು ಹಂಗ ಮುಚ್ಚಿ ಮಾತಾಡ್ತಾರ" ಎಂದ ಹೊನ್ನೇಶ. "ಕುಂಡ್ರಿ, ಮಿರ್ಚಿ ಭಜಿ ತಿನ್ರಿ. ನೀರ ಬೀಳೂತನಾ ನೀರ ನೋಡಿದಾವ ಜಾಗಾ ಬಿಡಬಾರದು. ಪದ್ಧತಿ ಐತಿ."

"ಬೀಳಲಿಲ್ಲಂದ್ರ?"

ಹೊನ್ನೇಶ ಕಿತ್ತ ಕಂಬದ ಮೇಲೆ ಕೈಯಾಡಿಸುತ್ತ, "ಹ್ವಾದ ವರ್ಷ ನೋಡಿದಾಂವ ಇನ್ನೂ ಈ ಕಡೆ ತಲಿ ಹಾಕಿಲ್ರಿ" ಎಂದಷ್ಟೇ ಹೇಳಿದ. ಪ್ರಲ್ಹಾದನ ಬಾಯೊಳಗಿನ ಭಜಿ ಅಲ್ಲೇ ನಿಂತಿತು.

ನಡುವೆ ಹೆಡ್‌ಫೋನು ಮರಳಿ ಸಿಕ್ಕಾಗ ಕಿವಿಗೊಟ್ಟ. ಕಲ್ಪನಾಳ ದನಿ ಸಣ್ಣಗಾಗುತ್ತ ಹೊರಟಿತ್ತು. "ನನ್ನ ನರಿ ಹೊಂಟೈತ್ರೋ! ಬಿಡ್ರೋ!" ಎಂದು ಎದ್ದ. ನಾಲ್ಕು ಜನ ಹಿಡಿದು ಕೂಡಿಸಿದರು. ದೂರದಲ್ಲಿ ಹಿಂಡು ಹೊಡೆದುಕೊಂಡು ಹೊರಟಿದ್ದ ಕುರಿಗಾಹಿ ಅಮೃತವ್ವ ಈ ಕೂಗು ಕೇಳಿ, "ನರಿ? ನನ್ನ ಹಿಂಡಿನ್ಯಾಗ?" ಎಂದು ಬಡಿಗೆ ಎತ್ತಿ ಕುರಿಗಳನ್ನು ಇನ್ನೂ ದೂರ ಅಟ್ಟಿದಳು.

ಮಧ್ಯಾಹ್ನವಿಡೀ ಕೊಳವೆ ಬಿಳಿ ದೂಳು ಉಗುಳಿತು. ಜನರ ಮುಖದ ಜೊತೆ ಪ್ರಲ್ಹಾದನ ಮುಖವೂ ಬೂದಿಯಾಯಿತು. ಊರ ಕಡೆ ಓಡುವ ದಾರಿ ಯಾವುದು ಎಂದು ಅವನು ಕಣ್ಣಿನಲ್ಲೇ ಅಳೆಯುತ್ತಿರುವಾಗ ಎಂಜಿನ್ನಿನ ದನಿ ಬದಲಾಯಿತು. ದೂಳು ಕೆಸರಾಯಿತು. ಕೆಸರು ರಾಡಿಯಾಯಿತು. ಆಮೇಲೆ ನೋಡಿ, ಆಳೆತ್ತರದ ನೀರು ಗುಡುಗಿ ಮೇಲೆದ್ದು ಎಲ್ಲರನ್ನೂ ತೋಯಿಸಿತು!

ಹುಚ್ಚೀರಪ್ಪ ತಮ್ಮನನ್ನು ತಬ್ಬಿ ಅತ್ತ. ಮುದುಕಿಯರು ಕೊಡ ತರಲು ಓಡಿದರು. ಪ್ರಲ್ಹಾದನ ಕೊರಳಿಗೆ ಚೆಂಡುಹೂವಿನ ಮಾಲೆ ಬಿತ್ತು, ಹೆಗಲಿಗೆ ಶಾಲು ಬಿತ್ತು, ಅವನೇ ಇಬ್ಬರ ಹೆಗಲ ಮೇಲೆ ಬಿದ್ದ. ಮೇಲಿನಿಂದ ನೋಡಿದರೆ ಎಷ್ಟು ಜನ! ಜಪಾನು, ಸೈಬೀರಿಯಾ ಎಲ್ಲ ಸೇರಿಸಿದರೂ ಇಷ್ಟು ಜನರ ಸಂಪರ್ಕ ಅವನ ಕಂಬಕ್ಕೆ ಆಗಿರಲಿಲ್ಲ. ಎದೆ ಉಬ್ಬಿತು. ನರಿ ಹಾಳಾಗಲಿ ಎನಿಸಿತು.

ಆಗ ಪ್ರಭುಲಿಂಗನ ಬೈಕು ಬಂತು.

"ಐದಾತಲೇ ಪ್ರಲ್ಯಾ! ಸೋತಿ!" ಎಂದು ಇಳಿದವನು ಹೆಗಲ ಮೇಲಿನ ಗೆಳೆಯನನ್ನು ಕಂಡು ಕಣ್ಣುಜ್ಜಿಕೊಂಡ. ಸಂಗತಿ ತಿಳಿದದ್ದೇ ಅವನಿಗೆ ಹೊಟ್ಟೆ ಉರಿಯಿತು. ತಾನು ಮಾಡಿದ ಚೇಷ್ಟೆಗೆ ಹೂವಿನ ಮಾಲೆ ಇನ್ನೊಬ್ಬನಿಗೆ!

"ಇಂವಾ ನೀರ ನೋಡಾವ ಅಲ್ರೀ!" ಎಂದು ಕೂಗಿ, ನೀರು ಬಿದ್ದದ್ದು ಕಂಡು ಹಿಂಡಿನೊಡನೆ ಮರಳಿ ಬಂದಿದ್ದ ಕುರಿಗಾಹಿಯ ಕಡೆ ತಿರುಗಿದ. "ಅಮೃತವ್ವಾ, ನಿನ್ನ ಟಗರ ಕರಕೊಂಬಾ!"

ಟಗರು ಬಂತು. ಪ್ರಭುಲಿಂಗ ಅದರ ಕೊರಳಿನ ಗಂಟೆ ಎತ್ತಿ ತೋರಿಸಿದ. ಗಂಟೆಯ ಹಿಂದೆ, ಉಣ್ಣೆಯೊಳಗೆ, ಅಂಗೈಯಗಲದ ಕರೀ ಪೆಟ್ಟಿಗೆ. ಮುಂಜಾನೆ ಟಗರಿನ ಫೋಟೋ ತೆಗೆಯುವ ನೆವದಲ್ಲಿ ತಾನೇ ಕಟ್ಟಿದ್ದಾಗಿ ಒಪ್ಪಿದ. "ಇಡೀ ದಿನಾ ಇಂವಾ ಈ ಟಗರಿನ ಬೆನ್ನ ಹತ್ತ್ಯಾನ! ಹಿಂಗ!" ಎಂದು ಪ್ರಲ್ಹಾದನ ಹಾಗೇ ಕಣ್ಣು ಅರೆಮುಚ್ಚಿ, ಕೈ ಚಾಚಿ, ಗರಗರ ತಿರುಗಿ ತೋರಿಸಿದ. ನಿಂತು, ಜನ ಬಿದ್ದು ಬಿದ್ದು ನಗಲೆಂದು ಕಾದ.

ಯಾರೂ ನಗಲಿಲ್ಲ. ಹೆಗಲು ಕೊಟ್ಟಿದ್ದ ಇಬ್ಬರು ಪ್ರಲ್ಹಾದನನ್ನು ಮೆಲ್ಲಗೆ ಕೆಳಗಿಳಿಸಿದರು. ಹುಚ್ಚೀರಪ್ಪ ಗದ್ದ ಕೆರೆದುಕೊಂಡ.

"ಅಂದ್ರ, ಮಶೀನ್ ಇದ್ದದ್ದು ಟಗರಿನ ಕೊಳ್ಳಾಗ."

"ಹೌದ್ರಿ!"

"ಮೊದಲ ಬಂದ ಆ ಜಾಗಾದಾಗ ನಿಂತದ್ದೂ ಟಗರ."

"ಅದನ್ನ ಹೇಳಾಕತ್ತೇನ್ರಿ!"

"ಹಂಗಾರ ನೀರ ತೋರಸಿದ್ದು ಟಗರ! ಈ ಸಾಹೇಬ್ರು ಬರೇ ಅದರ ಹಿಂದ ಬಂದಾರ!"

ಮಾಲೆ ಪ್ರಲ್ಹಾದನ ಕೊರಳಿನಿಂದ ಟಗರಿನ ಕೊರಳಿಗೆ ಹೋಯಿತು. ಶಾಲು ಅದರ ಬೆನ್ನ ಮೇಲೆ ಬಿತ್ತು. ಟಗರು ಶಾಲನ್ನು ಮೂಸಿ, ಮಾಲೆಯ ಒಂದು ಹೂವು ತಿಂದು ನೋಡಿತು.

ಪ್ರಭುಲಿಂಗ ಅವಸರದಿಂದ ಪೆಟ್ಟಿಗೆ ಬಿಚ್ಚಲು ಕೈ ಹಾಕಿದ. ಅಮೃತವ್ವನ ಬಡಿಗೆ ಅಡ್ಡ ಬಂತು.

"ಮುಟ್ಟೀ ಜ್ವಾಕಿ, ತಮ್ಮಾ! ಬಿಚ್ಚಿದ್ರ ಅದಕ್ಕ ನೀರ ಕಾಣಬೇಕಲ್ಲ?"

"ಯವ್ವಾ, ಅದು ನನ್ನ ರೇಡಿಯೋ!"

"ನೀ ಕಟ್ಟಿದ್ದೀ, ನಾ ಕಟ್ಟಸಿಕೊಂಡೇನಿ. ಆತಲ್ಲ?"

"ಅದರ ಬ್ಯಾಟರಿ ನಾಳೆ ಸಾಯ್ತೈತಿ, ಯವ್ವಾ!" ಎಂದ ಪ್ರಭುಲಿಂಗ. ಹಾಗೆ ಹೇಳಬಾರದಿತ್ತು ಎಂದು ಹೇಳಿದ ಮೇಲೆ ಹೊಳೆಯಿತು.

"ಹಂಗಾರ ನೀವೂ ಟಗರಿನ ಸಂಗಾಟ ಇರಬೇಕಾತು" ಎಂದ ಹುಚ್ಚೀರಪ್ಪ. "ನಾಳೆ ಡೋಣಿಗೆ, ನಮ್ಮ ಬೀಗರ ಹೊಲಕ್ಕ. ನಾಡದು ಶಿರಹಟ್ಟಿ ಕಡೆ. ಟಗರ ನಿಂತಲ್ಲೆ ಬೋರ ಹಾಕೂದು. ನೀರ ಬೀಳೂತನಾ ನೀವು ಜಾಗಾ ಬಿಡಂಗಿಲ್ಲ."

"ಬೀಳಲಿಲ್ಲಂದ್ರ?" ಎಂದ ಪ್ರಭುಲಿಂಗ. ಹೊನ್ನೇಶ ಕಿತ್ತ ಕಂಬದ ಮೇಲೆ ಮತ್ತೆ ಕೈಯಾಡಿಸಿದ.

ಅಷ್ಟರಲ್ಲಿ ಪ್ರಲ್ಹಾದನ ಫೋನು ರಿಂಗಾಯಿತು. ಈ ಸಲ ಅಸಲೀ ಕಲ್ಪನಾ.

"ನರಿ ಸಿಕ್ತೇನ್ರಿ?"

"ಸಿಕ್ತು. ಕೈಯಾಗ ಕೊಡವಲ್ರು. ಊರಾಗ ಇಟ್ಕೊಂಡಾರ."

"ಅಂದ್ರ ಬರಿಗೈ. ಟಾಕಿಗೆ ಹೇಳ್ಲೇನು?"

"ಹೇಳು" ಎಂದ ಪ್ರಲ್ಹಾದ. ಅವನಿಗೆ ನಗು ತಡೆಯಲಾಗಲಿಲ್ಲ. ಎದುರಿಗೆ ಪ್ರಭುಲಿಂಗ ಟಗರಿನ ಹಗ್ಗ ಹಿಡಿದು, ಮುಖ ಇಳಿಬಿಟ್ಟು, ಅದು ಎಳೆದ ಕಡೆ ಹೊರಟಿದ್ದ. ಮೊದಲು ಮಕ್ಕಳು ನಕ್ಕರು, ಆಮೇಲೆ ಲಾರಿಯವರು, ಆಮೇಲೆ ಹೊಲಕ್ಕೆ ಹೊಲವೇ. ಕಂಬ ಹೋಯಿತು, ನರಿ ಹೋಯಿತು, ಮಾಲೆಯೂ ಹೋಯಿತು. ಆದರೂ ಹೊಟ್ಟೆ ಹಿಡಿದುಕೊಂಡು, ತೊಯ್ದ ಒಡ್ಡಿನ ಮೇಲೆ ಕುಸಿದು ಕುಳಿತು ಎಲ್ಲರಿಗಿಂತ ಜೋರಾಗಿ ನಕ್ಕವನು ಪ್ರಲ್ಹಾದ. ಲಾರಿಯ ಎಂಜಿನ್ನು ಯಾವಾಗ ನಿಂತಿತೆಂಬುದು ಆ ನಗುವಿನಲ್ಲಿ ಯಾರಿಗೂ ತಿಳಿಯಲಿಲ್ಲ.