ಮಾತಾಡುವ ಮೀಟರಿಗೆ ಗಿರಾಕಿ ಹುಡುಕಿದ್ದು

ವಿಶ್ವವಿದ್ಯಾಲಯದಲ್ಲಿ ಯಾರಾದರೂ ಏನಾದರೂ ಕಂಡುಹಿಡಿದರೆ, ಅದನ್ನು ಹೊತ್ತು ಅಂಗಡಿ ಅಂಗಡಿ ಅಲೆದು ಅವಮಾನ ಮಾಡಿಸಿಕೊಂಡು ಬರಲು ನನಗೆ ಸಂಬಳ ಕೊಡುತ್ತಾರೆ. ಬೋರ್ಡಿನ ಮೇಲೆ ಇದಕ್ಕೆ ‘ಉದ್ಯಮ ಪೋಷಣಾ ಕೇಂದ್ರ’ ಎಂಬ ಹೆಸರಿದೆ. ಇಲ್ಲಿ ವರ್ಷವಿಡೀ ಇಂಥವು ನಡೆಯುತ್ತಲೇ ಇರುತ್ತವೆ. ಹೇಳಲು ಕೂತರೆ ಕೇಳುವವರಿಗೆ ನಗು, ನನಗೆ ಹೊಟ್ಟೆಯುರಿ. ಈ ಸಲದ್ದನ್ನು ಮಾತ್ರ ಹೇಳುತ್ತೇನೆ.

ಆಗಷ್ಟೇ ಪಿಎಚ್‌ಡಿ ಮುಗಿಸಿದ ಹುಡುಗಿಯೊಬ್ಬಳು ಮೆಕ್ಕೆಜೋಳದ ತೇವ ಅಳೆಯುವ ಮೀಟರ್ ಮಾಡಿದ್ದಳು. ಅಂಥ ಮೀಟರ್ ವ್ಯಾಪಾರಿಗಳ ಬಳಿ ಮೊದಲೇ ಇದೆ. ಆದರೆ ಅಂಕಿ ಕಾಣುವುದು ವ್ಯಾಪಾರಿಗೆ ಮಾತ್ರ. ಅವನು ‘ಹಸಿ ಐತೆ’ ಅಂದರೆ ರೈತ ದರ ಇಳಿಸಿಕೊಳ್ಳಲೇಬೇಕು. ಇವಳ ಮೀಟರಿಗೆ ಒಂದು ಹಿಡಿ ಕಾಳು ಹಾಕಿದರೆ, ಅದು ಒಣಗಿದೆಯೋ ಹಸಿಯೋ ಎಂದು ಅಲ್ಲಿದ್ದವರಿಗೆಲ್ಲ ಕೇಳುವಂತೆ ಕನ್ನಡದಲ್ಲೇ ಹೇಳುತ್ತಿತ್ತು. ವರ್ಷದೊಳಗೆ ಕನಿಷ್ಠ ಹತ್ತು ಮೀಟರಿಗೆ ಆರ್ಡರ್ ಬಂದರೆ ಯೋಜನೆ ಮುಂದುವರಿಯುತ್ತದೆ. ಇಲ್ಲವಾದರೆ ಫೈಲೂ ಬಂದ್, ಅವಳ ಫೆಲೋಶಿಪ್ಪೂ ಬಂದ್.

ಚನ್ನಗಿರಿಯ ಹಲ್ಲು

ಚನ್ನಗಿರಿಯ ಹಿರಿಯ ವ್ಯಾಪಾರಿಯೊಬ್ಬರು ಕಾಳನ್ನು ಹಲ್ಲಲ್ಲಿ ಕಡಿದೇ ತೇವ ಹೇಳುವವರು. ಮೊದಲ ಚೀಲದ ಕಾಳು ಕಡಿದು ‘ಒಣಗೈತೆ’ ಎಂದರು. ಮೀಟರೂ ‘ಒಣಗಿದೆ’ ಎಂದಿತು.

‘ನಮ್ಮ ಹಲ್ಲು ಹೇಳಿದ್ದನ್ನೇ ಹೇಳಾಕೆ ಇದು ಯಾಕೆ ಬೇಕ್ರಿ?’

ಎರಡನೇ ಚೀಲಕ್ಕೆ ಅವರು ‘ಹಸಿ’ ಎಂದರು. ಮೀಟರು ‘ಒಣಗಿದೆ’ ಎಂದಿತು.

‘ನೋಡ್ರಿ, ಸುಳ್ಳು ಹೇಳ್ತೈತೆ,’ ಎಂದು ಮೀಟರನ್ನು ವಾಪಸ್ ಕೊಟ್ಟರು.

ಹೊರಗೆ ಬಂದ ಮೇಲೆ ಹುಡುಗಿ ಕೇಳಿದಳು: ‘ಸಾರ್, ಅವರ ಹಲ್ಲು ಕಟ್ಟಿಸಿದ್ದಲ್ವಾ?’

ಹೊನ್ನಾಳಿಯ ಚಹಾ

ಹೊನ್ನಾಳಿಯ ವ್ಯಾಪಾರಿ ಚಿಕ್ಕ ವಯಸ್ಸಿನವರು, ಓದಿದವರು. ಮೀಟರನ್ನು ತಿರುಗಿಸಿ ಮುರುಗಿಸಿ ನೋಡಿ ಮೆಚ್ಚಿಕೊಂಡರು. ಚಹಾ ತರಿಸಿದರು. ಆರ್ಡರ್ ಬಂದೇಬಿಟ್ಟಿತು ಅಂದುಕೊಂಡೆ.

‘ಮೇಡಂ, ಎಲ್ಲಾ ಚೆನ್ನಾಗೈತೆ. ಇದರ ಬಾಯಿ ಮುಚ್ಚಿಸಾಕೆ ಆಗಲ್ವೇನ್ರಿ?’

‘ಆ ಬಾಯಿ ಮಾಡೋಕೇ ಮೂರು ವರ್ಷ ಹಿಡೀತು ಸಾರ್. ಎದುರಿಗೆ ನಿಂತ ರೈತನಿಗೂ ಗೊತ್ತಾಗ್ಲಿ ಅಂತ.’

‘ಅದಕ್ಕೇ ಹೇಳಿದ್ದು,’ ಎಂದು ಅವರು ಚಹಾ ಲೋಟವನ್ನು ನಮ್ಮ ಕಡೆ ಸರಿಸಿದರು.

ನ್ಯಾಮತಿ ಕಡೆಯ ಗುಟ್ಟು

ವ್ಯಾಪಾರಿಗಳು ಬೇಡವೆಂದರೆ ಬೆಳೆಗಾರರೇ ಒಟ್ಟಾಗಿ ಕೊಳ್ಳಲಿ ಎಂದು ಸೂರಗೊಂಡನಕೊಪ್ಪದ ದಾರಿಯ ಒಂದು ಹಳ್ಳಿಗೆ ಹೋದೆವು. ಟಾರ್ ರಸ್ತೆಯ ಮೇಲೆ ಮೆಕ್ಕೆಜೋಳ ಹರವಿದ್ದ ಅಜ್ಜಿಯೊಬ್ಬಳು ಮೊದಲು ಒಂದು ಹಿಡಿ ತಂದು ಹಾಕಿದಳು.

‘ಚೆನ್ನಾಗಿ ಒಣಗಿದೆ,’ ಎಂದಿತು ಮೀಟರು.

ಅಜ್ಜಿ ನೆಟಿಗೆ ಮುರಿದು ಮೀಟರಿನ ದೃಷ್ಟಿ ತೆಗೆದಳು. ‘ಹೋದ ವರ್ಷ ಇದಿದ್ರೆ ಆ ಸಾವಕಾರ ಹಸಿ ಅಂತ ನನ್ನ ದರ ಮುರೀತಿರ್ಲಿಲ್ಲ ಕಣವ್ವ,’ ಎಂದಳು. ಜನ ಚಪ್ಪಾಳೆ ತಟ್ಟಿದರು. ಹುಡುಗಿ ಅಷ್ಟು ನಕ್ಕದ್ದನ್ನು ನಾನು ನೋಡಿದ್ದು ಅದೊಂದೇ ಸಲ.

ಆ ಹುರುಪಿನಲ್ಲಿ ಊರಿನ ಮುಖಂಡರು ತಮ್ಮ ಚೀಲಗಳಿಂದಲೂ ಒಂದು ಹಿಡಿ ತರಿಸಿದರು. ಆ ಚೀಲಗಳು ಅವತ್ತೇ ಮಾರಾಟವಾಗಬೇಕಿತ್ತು. ಕೊಳ್ಳಲು ಬಂದವನು ಪಕ್ಕದಲ್ಲೇ ನಿಂತಿದ್ದ.

‘ತೇವ ಹೆಚ್ಚು. ಇನ್ನೂ ಎರಡು ದಿನ ಒಣಗಿಸಿ.’

ಮುಖಂಡರು ಒಮ್ಮೆ ಕೆಮ್ಮಿದರು. ‘ತಂಗಿ, ಮೆಷಿನ್ ಭಾಳ ಚೆನ್ನಾಗೈತೆ. ಆದ್ರೆ ಕೊಳ್ಳಾಕೆ ಬಂದೋರ ಮುಂದೆ ಮನೆ ಗುಟ್ಟು ಹೇಳೋದನ್ನ ಹೆಂಗಮ್ಮ ಊರಾಗೆ ಇಟ್ಕೊಳ್ಳಾದು?’

ಜಗಳೂರಿನ ಬಟನ್

ಜಗಳೂರಿನ ವ್ಯಾಪಾರಿ ಬೇಡ ಅನ್ನಲೇ ಇಲ್ಲ. ‘ಇಪ್ಪತ್ತು ಕೊಡ್ರಿ,’ ಎಂದರು. ಹುಡುಗಿಯ ಕಣ್ಣಲ್ಲಿ ನೀರು ಬಂತು.

‘ಒಂದು ಸಣ್ಣ ಕೆಲಸ ಐತೆ. ಎರಡು ಬಟನ್ ಇಡ್ರಿ. ಕೊಳ್ಳುವಾಗ ಒತ್ತಾಕೆ ಒಂದು, ಮಾರುವಾಗ ಒತ್ತಾಕೆ ಒಂದು. ಒಂದ್ರಾಗೆ ಹಸಿ ಜಾಸ್ತಿ ಹೇಳ್ಲಿ, ಇನ್ನೊಂದ್ರಾಗೆ ಕಡಿಮೆ. ಮಾತಾಡ್ಲಿ ಬಿಡ್ರಿ, ಮೆಷಿನ್ನೇ ಹೇಳಿದ್ರೆ ಜನ ನಂಬ್ತಾರೆ.’

ಹುಡುಗಿ ಮೀಟರನ್ನು ಚೀಲಕ್ಕೆ ಹಾಕಿಕೊಂಡು ಎದ್ದಳು. ಬಸ್ಸಿನಲ್ಲಿ ನಾನು ಹೇಳಿದೆ: ‘ಮೊದಲು ಮಾರಮ್ಮ. ಆಮೇಲೆ ತಿದ್ದಿದರಾಯಿತು.’ ಈ ಮಾತಿಗೆ ಈಗಲೂ ನನಗೆ ನಾಚಿಕೆಯಾಗುತ್ತದೆ.

‘ಸಾರ್, ಆ ಅಜ್ಜಿ ಜೋಳ ತಂದಾಗ ಯಾವ ಬಟನ್ ಒತ್ತುತ್ತಾರೆ?’ ಎಂದಳು.

ದಾವಣಗೆರೆ ಬರುವವರೆಗೆ ನಾನು ಕಿಟಕಿಯ ಹೊರಗಿನ ಕರೆಂಟು ಕಂಬಗಳನ್ನು ಬಹಳ ಶ್ರದ್ಧೆಯಿಂದ ನೋಡಿದೆ.

ಸಮಿತಿಯ ಕನಿಕರ

ವರ್ಷ ಮುಗಿದು ಪರಿಶೀಲನಾ ಸಮಿತಿ ಕೂತಿತು. ಫೈಲು ಮುಚ್ಚಲು ನಮ್ಮಲ್ಲೊಂದು ನಮೂನೆ ಇದೆ. ಯೋಜನೆ ಸೋತದ್ದಕ್ಕೆ ಮೂರು ಕಾರಣಗಳನ್ನು ಅದರಲ್ಲಿ ಮೊದಲೇ ಅಚ್ಚು ಹಾಕಿಸಿದ್ದಾರೆ. ಒಂದಕ್ಕೆ ಗುರುತು ಹಾಕಬೇಕು.

‘ಯಂತ್ರದಲ್ಲಿ ದೋಷ ಇದೆಯಾ?’ ಅಧ್ಯಕ್ಷರು ನನ್ನನ್ನು ಕೇಳಿದರು.

‘ಇಲ್ಲ ಸಾರ್.’

‘ಬೇಡಿಕೆ ಇಲ್ಲವಾ?’

‘ಇಪ್ಪತ್ತಕ್ಕೆ ಬೇಡಿಕೆ ಇತ್ತು ಸಾರ್,’ ಎಂದು ಎರಡು ಬಟನ್ನಿನ ಕಥೆ ಹೇಳಿದೆ.

‘ಹಾಗಾದ್ರೆ ಉಳಿದದ್ದು ಒಂದೇ,’ ಎಂದು ಅವರು ಮೂರನೆಯದಕ್ಕೆ ಗುರುತು ಹಾಕಿದರು. ಸಂಶೋಧಕರ ಅಸಮರ್ಥತೆ. ಕಾಗದವನ್ನು ಅವಳ ಮುಂದೆ ತಳ್ಳಿದರು.

ಅವಳು ಸಹಿ ಮಾಡಿದಳು. ಪೆನ್ನು ವಾಪಸ್ ಕೊಡುತ್ತಾ ಮೆಲ್ಲಗೆ ಕೇಳಿದಳು: ‘ಸಾರ್, ಅಸಮರ್ಥತೆ ಅಂದ್ರೆ, ನನಗೆ ಸುಳ್ಳು ಹೇಳೋಕೆ ಬರಲ್ಲ ಅಂತಾನಾ?’

ಅಧ್ಯಕ್ಷರಿಗೆ ನಿಜಕ್ಕೂ ಕನಿಕರವಾಯಿತು. ‘ಬೇಜಾರು ಮಾಡ್ಕೋಬೇಡಮ್ಮ, ಎಲ್ಲಾ ಕಲೀಬಹುದು. ನಮ್ಮಲ್ಲೇ ಮೂರು ದಿನದ ತರಬೇತಿ ಇದೆ,’ ಎಂದು ನನ್ನ ಕಡೆ ಕೈ ತೋರಿಸಿದರು. ‘ಹೇಳಿಕೊಡೋದು ಇವರೇ.’